ಅಣ್ಣನ ಅಂಗಡಿಗೆ ಇಳಿಜಾರು

ಆ ರಸ್ತೆಯಲ್ಲಿ ನಡೆಯುವುದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಜಾಗವಿತ್ತು. ದಾವಣಗೆರೆಯ ಹಳೇ ಪೇಟೆಯಲ್ಲಿ ಬಟ್ಟೆ ಅಂಗಡಿಗಳೇ ತುಂಬಿದ ರಸ್ತೆ ಅದು. ಎರಡೂ ಅಂಚಿಗೆ ದ್ವಿಚಕ್ರ ವಾಹನಗಳು, ಅವುಗಳ ಬೆನ್ನಿಗೆ ಆಟೋಗಳು, ನಡುವೆ ಬಟ್ಟೆ ಮೂಟೆ ಹೊತ್ತ ತಳ್ಳುಗಾಡಿಗಳು, ಇಷ್ಟರ ಮಧ್ಯೆ ದಾರಿ ಬಿಡಿಸಿಕೊಂಡು ಹೋಗುವ ಟೌನ್ ಬಸ್ಸು. ಮಲೆಬೆನ್ನೂರು ಕಡೆಯಿಂದ ಮದುವೆ ಜವಳಿಗೆಂದು ಬಂದ ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಸಾಲಾಗಿ ನುಸುಳುತ್ತಿದ್ದರು. ಕಾಲುದಾರಿ ಎಂದು ನಕ್ಷೆಯಲ್ಲಿ ಬರೆದಿದ್ದ ಜಾಗದಲ್ಲಿ ಚರಂಡಿಯಿತ್ತು, ಚರಂಡಿಯ ಮೇಲೆ ಅಂಗಡಿಗಳ ಕಲ್ಲಿನ ಮೆಟ್ಟಿಲುಗಳಿದ್ದವು.

ಈ ರಸ್ತೆಯನ್ನು ಎಲ್ಲರಿಗೂ ಆಗುವಂತೆ ಮತ್ತೆ ರೂಪಿಸುವ ಕೆಲಸ ಪಾಲಿಕೆಯ ಎಂಜಿನಿಯರಾದ ನನಗೆ ಬಂತು. ನಡೆಯುವವರು, ಸೈಕಲ್ಲಿನವರು, ಗಾಡಿ ತಳ್ಳುವವರು, ಬಸ್ಸು ಕಾಯುವವರು, ಕಣ್ಣು ಕಾಣದವರು, ಗಾಲಿಕುರ್ಚಿಯವರು, ಎಲ್ಲರಿಗೂ. ಮೇಲಧಿಕಾರಿಗಳು ಕಡತ ಕೊಡುತ್ತಾ, "ಮೇಡಂ, ನಿಮಗೆ ತಾಳ್ಮೆ ಐತೆ, ನೀವೇ ನೋಡ್ಕೊಳ್ರಿ" ಎಂದರು. ನನಗೆ ತಾಳ್ಮೆ ಇಲ್ಲ ಎನ್ನುವುದು ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ಬೇರೆ ಯಾರೂ ಒಪ್ಪಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು.

ಮೊದಲ ಕೆಲಸ ನಿಂತು ನೋಡುವುದು. ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲಿ ಬಂದು, ಅದನ್ನು ನಾನೂ ಎಲ್ಲರ ಹಾಗೆ ಅಡ್ಡಾದಿಡ್ಡಿ ನಿಲ್ಲಿಸಿ, ರಸ್ತೆಯ ಮೂಲೆಯಲ್ಲಿ ಅಂಗಡಿ ತೆಗೆಯುವ ಹೊತ್ತಿನಿಂದ ಮುಚ್ಚುವ ಹೊತ್ತಿನವರೆಗೆ ಯಾರು ಹೇಗೆ ಹೋಗುತ್ತಾರೆಂದು ಗುರುತು ಹಾಕಿಕೊಳ್ಳುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ತಿಳಿಯಿತು, ಈ ರಸ್ತೆಯಲ್ಲಿ ಹೆಚ್ಚಿನವರು ನಡೆದೇ ಹೋಗುತ್ತಾರೆ. ಜಾಗ ಮಾತ್ರ ಅವರಿಗೇ ಕಡಿಮೆ. ಆ ಮೆಟ್ಟಿಲುಗಳು ನಮ್ಮ ಕಡತದಲ್ಲಿ ಒತ್ತುವರಿ. ಆದರೆ ಬಸ್ಸಿಗೆ ಕಾಯುವ ಹದಡಿ ಊರಿನ ಅಜ್ಜಿ ಕೂರುವುದು ಅವುಗಳ ಮೇಲೆ, ಹಮಾಲಿ ಮೂಟೆ ಇಳಿಸಿ ಬೆವರು ಒರೆಸಿಕೊಳ್ಳುವುದೂ ಅಲ್ಲೇ. ಬೆಳಿಗ್ಗೆ ಅಂಗಡಿಯವರು ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲಿಗೆ ನೀರು ಹಾಕಿ, ಕೆಳಗಿನ ಕಲ್ಲಿಗೆ ವಿಭೂತಿ ಹಚ್ಚಿ, ಹೂವಿಟ್ಟು ಆಮೇಲೆ ಮೇಲೆ ಹತ್ತುತ್ತಿದ್ದರು. ಜೆಸಿಬಿ ತಂದು ಒಂದೇ ದಿನದಲ್ಲಿ ಕಿತ್ತುಹಾಕಿ ಎಂದ ಗುತ್ತಿಗೆದಾರನಿಗೆ, ಮೊದಲು ನಿಮ್ಮ ಮನೆಯ ಹೊಸ್ತಿಲು ಕಿತ್ತು ತೋರಿಸಿ ಎಂದಿದ್ದೆ.

ನಕ್ಷೆಯ ಮೊದಲ ರೂಪ ಸಿದ್ಧವಾದಾಗ ವ್ಯಾಪಾರಿಗಳ ಸಭೆ ಕರೆದೆವು. ಎರಡೂ ಕಡೆ ಅಗಲವಾದ ಕಾಲುದಾರಿ, ತಳ್ಳುಗಾಡಿ ಮತ್ತು ಸೈಕಲ್ಲಿಗೆ ಒಂದು ಪಟ್ಟಿ, ಬಸ್ಸಿಗೆ ನಿಲ್ಲುವ ಜಾಗ, ನಡುವೆ ಕಬ್ಬಿಣದ ತಡೆಬೇಲಿ. ಜನ ಎಲ್ಲೆಂದರಲ್ಲಿ ದಾಟಿ ಗಾಡಿಯ ಕೆಳಗೆ ಬೀಳಬಾರದೆಂದು ಬೇಲಿ. ನಾನು ಪರದೆಯ ಮೇಲೆ ಚಿತ್ರ ತೋರಿಸಿ ಮುಗಿಸಿದಾಗ, ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಎದ್ದು ನಿಂತರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಆ ಸಾಲಿನ ಮೂಲೆಯ ಬಟ್ಟೆ ಅಂಗಡಿ ಅವರದು, ಎಲ್ಲರೂ ಅವರನ್ನು ದೊಡ್ಡ ಸಾವ್ಕಾರ್ರು ಎನ್ನುತ್ತಿದ್ದರು.

"ಎಲ್ಲಾ ಚಂದ ಐತೆ ಮೇಡಮ್ಮ. ಸೈಕಲ್ಲಿನವ್ರಿಗೆ ಜಾಗ ಕೊಟ್ಟೀರಿ, ಕುಂಟ್ರಿಗೆ ಕುರುಡ್ರಿಗೆ ಕೊಟ್ಟೀರಿ. ಸತ್ತೋರು ಹೆಂಗೆ ಹೋಗ್ಬೇಕ್ರಿ?"

ಸಭೆಯಲ್ಲಿ ನಗು ಎದ್ದಿತು. ಅವರು ನಗಲಿಲ್ಲ. "ನಗೋ ಮಾತಲ್ಲ. ನಮ್ಮಲ್ಲಿ ಹೆಣ ಮಲಗಿಸಿ ಒಯ್ಯಲ್ಲ, ಹೂವು ಕಟ್ಟಿದ ಪಲ್ಲಕ್ಕಿ ಹಂಗಿರೋ ವಿಮಾನದಾಗೆ ಕೂರಿಸ್ಕೊಂಡು ಒಯ್ತೀವಿ. ನಾಕು ಕಡೆ ಹೆಗಲು ಕೊಡ್ತಾರೆ, ಮುಂದೆ ಭಜನೆ ಇರ್ತೈತೆ. ನಿಮ್ಮ ಬೇಲಿ ನಡುವೆ ನಿಂತ್ರೆ ಅರ್ಧ ಜನ ಆಕಡೆ, ಅರ್ಧ ಜನ ಈಕಡೆ, ಹೆಣ ಬೇಲಿ ಮ್ಯಾಲೆ. ಇನ್ನೊಂದು, ಈ ಸಾಲಿನ ಯಾವ ವ್ಯಾಪಾರಿ ಹೋದ್ರೂ ಅವನ ವಿಮಾನಾನ ಅವನ ಅಂಗಡಿ ಮೆಟ್ಲ ಮ್ಯಾಲೆ ಒಂದು ಗಳಿಗೆ ಇಳಿಸ್ತಾರೆ. ನಮ್ಮಪ್ಪನ್ನೂ ಇಳಿಸಿದ್ವಿ. ಮೆಟ್ಲು ಮುಟ್ಟಂಗಿಲ್ಲ."

ನನಗೆ ಮೈ ಉರಿಯಿತು. ಬದುಕಿರುವವರು ದಿನಕ್ಕೊಬ್ಬರು ಬಿದ್ದು ಏಳುತ್ತಿರುವಾಗ ಇವರಿಗೆ ಸತ್ತವರ ಚಿಂತೆಯೇ ಎನಿಸಿತು. ಹಾಗೆ ಹೇಳಲಿಲ್ಲ. ಮನೆಗೆ ಬಂದು ಊಟ ಮಾಡುವಾಗಲೂ ಆ ಮಾತು ಬಿಡಲಿಲ್ಲ. ಎಲ್ಲ ಬಗೆಯ ಪ್ರಯಾಣಿಕರಿಗೆ ಎಂದು ನಕ್ಷೆಯ ತಲೆಬರಹದಲ್ಲಿ ನಾನೇ ಬರೆದಿದ್ದೆ. ಈ ಊರಿನ ರಸ್ತೆಯಲ್ಲಿ ಅದೂ ಒಂದು ಪ್ರಯಾಣವೇ ತಾನೆ. ಮರುದಿನ ನಕ್ಷೆಯಿಂದ ಬೇಲಿಯನ್ನು ತೆಗೆದು, ಬೇಕಾದಾಗ ಎತ್ತಿ ಬದಿಗಿಡಬಹುದಾದ ಕಬ್ಬಿಣದ ಕಂಬಗಳನ್ನು ಗುರುತಿಸಿದೆ. ನೆಲದಲ್ಲಿ ಕೊಳವೆ ಹೂತು, ಕಂಬವನ್ನು ಅದರೊಳಗೆ ಇಳಿಸಿ ಬೀಗ ಹಾಕುವ ಏರ್ಪಾಡು. ಮೆಟ್ಟಿಲುಗಳ ವಿಷಯ ಹಾಗೇ ಉಳಿಯಿತು.

ಒಂದು ಭಾನುವಾರ ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು, ಮರಳು ತುಂಬಿದ ಡಬ್ಬಗಳನ್ನಿಟ್ಟು ಹೊಸ ರಸ್ತೆ ಹೇಗಿರುತ್ತದೆಂದು ಎಲ್ಲರಿಗೂ ತೋರಿಸಿದೆವು. ಆಟೋದವರು ಡಬ್ಬ ಒದ್ದರು, ಯಾರೋ ಸುಣ್ಣದ ಗೆರೆಯ ಮೇಲೆ ಎಮ್ಮೆ ನಿಲ್ಲಿಸಿ ಫೋಟೋ ತೆಗೆದರು. ಆದರೆ ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಸೆರಗು ಬಿಟ್ಟು ಅಕ್ಕಪಕ್ಕ ನಡೆಯುತ್ತಿದ್ದರು, ಮಾತಾಡಿಕೊಂಡು. ಆ ರಸ್ತೆಯಲ್ಲಿ ಮಾತಾಡುತ್ತಾ ನಡೆಯುವವರನ್ನು ನಾನು ಅದೇ ಮೊದಲು ನೋಡಿದ್ದು.

ಕೆಲಸ ಶುರುವಾಗುವ ಹೊತ್ತಿಗೆ ದೊಡ್ಡ ಸಾವ್ಕಾರ್ರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲು ಹೋದವು, ಮಾತು ಸ್ವಲ್ಪ ತೊದಲಾಗಿ ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಬೆಳಿಗ್ಗೆ ಆಟೋದಲ್ಲಿ ಬಂದು ಅಂಗಡಿಯ ಎದುರು ನಿಲ್ಲಿಸಿಕೊಂಡು, ಅದರೊಳಗೇ ಕೂತು ಅಂಗಡಿ ನೋಡುತ್ತಿದ್ದರು. ಮಗ ಮೆಟ್ಟಿಲಿಳಿದು ಬಂದು ಹೊಸ ಮಾಲಿನ ಮಾದರಿ ತೋರಿಸುತ್ತಿದ್ದ. ಅವರು ಎಡಗೈಯಲ್ಲಿ ಬಟ್ಟೆ ಉಜ್ಜಿ ನೋಡಿ, ಬೇಕು ಬೇಡ ಹೇಳಿ ಹೊರಡುತ್ತಿದ್ದರು. ಹಮಾಲಿಗಳು ಎತ್ತಿ ಒಳಗೆ ಕೂರಿಸುತ್ತೇವೆ ಎಂದರೂ ಒಪ್ಪುತ್ತಿರಲಿಲ್ಲವಂತೆ.

ಒಂದು ದಿನ ಮಗ ನನ್ನನ್ನು ಆಟೋದ ಬಳಿ ಕರೆದ. ದೊಡ್ಡ ಸಾವ್ಕಾರ್ರು ಎಡಗೈಯಿಂದ ಹತ್ತಿರ ಬರುವಂತೆ ಸನ್ನೆ ಮಾಡಿದರು.

"ಮೇಡಮ್ಮ, ಗಿರಾಕಿ ಮುಂದೆ ಬಟ್ಟೆ ಮೂಟೆ ಹಂಗೆ ನನ್ನ ಎತ್ಕೊಂಡು ಹೋಗ್ತಾರಂತೆ. ಅದು ಬ್ಯಾಡ. ತಳ್ಳಿದ್ರೆ ತೊಂದ್ರಿ ಇಲ್ಲ, ಎತ್ತೋದು ಬ್ಯಾಡ. ನಿಮ್ಮ ನಕ್ಷೆದಾಗೆ ಕುಂಟ್ರಿಗೆ ಏನೋ ಮಾಡಿದ್ರಲ್ಲ, ಅದು ನನ್ನ ಅಂಗಡಿಗೆ ಬರ್ತೈತೇನು?"

ಸಭೆಯ ಆ ಗಟ್ಟಿ ದನಿ ನೆನಪಾಯಿತು. ಬರುತ್ತದೆ ಎಂದುಬಿಟ್ಟೆ.

ಅಳತೆ ಆ ಮಧ್ಯಾಹ್ನವೇ ಶುರು ಮಾಡಿದೆ. ಅಂಗಡಿಯ ಒಳನೆಲ ರಸ್ತೆಗಿಂತ ಎರಡೂವರೆ ಅಡಿ ಎತ್ತರ. ಹೊಸ ಕಾಲುದಾರಿ ಅರ್ಧ ಅಡಿ ಏರುತ್ತದೆ, ಉಳಿಯುವುದು ಎರಡು ಅಡಿ. ಗಾಲಿಕುರ್ಚಿಯ ಇಳಿಜಾರಿಗೆ ಹನ್ನೆರಡಕ್ಕೆ ಒಂದು ಎಂಬುದು ಲೆಕ್ಕ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಎರಡು ಅಡಿಗೆ ಇಪ್ಪತ್ನಾಲ್ಕು, ಮೇಲೆ ಕುರ್ಚಿ ತಿರುಗಿಸಿಕೊಳ್ಳಲು ಐದು ಅಡಿ ಸಮತಟ್ಟು. ಅಷ್ಟುದ್ದವನ್ನು ರಸ್ತೆಯ ಕಡೆಗೆ ಚಾಚಿದರೆ ನಡೆಯುವವರ ಜಾಗವೆಲ್ಲ ಹೋಗುತ್ತದೆ. ಗೋಡೆಗೆ ಒರಗಿಕೊಂಡಂತೆ ಅಂಗಡಿ ಸಾಲಿನ ಉದ್ದಕ್ಕೇ ಏರಿಸಬೇಕು. ಅವರ ಅಂಗಡಿಯ ಮುಖ ಇದ್ದದ್ದು ಹದಿನೈದು ಅಡಿ. ಎಡಕ್ಕೆ ಗಲ್ಲಿಯ ಬಾಯಿ, ಅಲ್ಲಿ ವಿದ್ಯುತ್ ಪರಿವರ್ತಕ, ದೊಡ್ಡ ಚರಂಡಿಯ ಗುಂಡಿ. ಉಳಿದದ್ದು ಬಲಕ್ಕೆ ಪಕ್ಕದ ಅಂಗಡಿಯ ಮುಂದಿನ ಜಾಗ. ಅದೂ ಹದಿನೈದು ಅಡಿ.

"ಪಕ್ಕದವರನ್ನು ಕೇಳಿದರಾಯಿತು" ಎಂದೆ. ಮಗ ನೆಲ ನೋಡಿದ.

"ಅದು ನಮ್ಮ ಚಿಕ್ಕಪ್ಪಂದು ಮೇಡಂ. ಮಾತಿಲ್ಲ."

ಎರಡೂ ಒಂದು ಕಾಲಕ್ಕೆ ಒಂದೇ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣ ತಮ್ಮ ಪಾಲಾದಾಗ ನಡುವೆ ಗೋಡೆ ಎದ್ದಿತ್ತು. ಅಳತೆ ಸಮವಾಗಿತ್ತು, ಮನಸ್ತಾಪ ಮಾತ್ರ ಯಾವುದೋ ಮಾತಿನಿಂದ ಶುರುವಾಗಿ, ಆ ಮಾತು ಯಾವುದೆಂದು ಇಬ್ಬರೂ ಹೇಳದಷ್ಟು ಹಳೆಯದಾಗಿತ್ತು. ಹಬ್ಬದ ಮಾಲು ಬಂದಾಗ ಒಬ್ಬರ ಮೂಟೆ ಇನ್ನೊಬ್ಬರ ಮೆಟ್ಟಿಲಿಗೆ ತಾಗಿದರೂ ಹಮಾಲಿಗೆ ಬೈಗುಳ. ನನ್ನ ಇಳಿಜಾರಿಗೆ ಬೇಕಾಗಿದ್ದದ್ದು ಹೆಚ್ಚು ಕಡಿಮೆ ಅವರಪ್ಪನ ಕಾಲದ ಆ ಇಡೀ ಅಂಗಡಿಯ ಮುಖ. ಗೋಡೆ ಎದ್ದಿರದಿದ್ದರೆ ಸರಿಯಾಗಿ ಕೂರುತ್ತಿತ್ತು ಎಂದುಕೊಂಡಾಗ ನನಗೆ ಸಂಕಟವಾಯಿತು.

ಆದರೂ ಅಳತೆ ಪಟ್ಟಿ ಹಿಡಿದು ಹೋದೆ. ಪಟ್ಟಿಯ ಒಂದು ತುದಿಯನ್ನು ತಮ್ಮನ ಅಂಗಡಿಯ ಕೊನೆಯಲ್ಲಿ ಯಾರಾದರೂ ಹಿಡಿಯಬೇಕಿತ್ತು. ಅಲ್ಲಿ ನಿಂತಿದ್ದ ಕೆಲಸದವನನ್ನು ಕೇಳಿದೆ. ಒಳಗಿನಿಂದ ತಮ್ಮ ಸಾವ್ಕಾರ್ರ ದನಿ ಬಂತು, "ಬಿಡಲೇ ಅದನ್ನ." ಅವನು ಕೈಬಿಟ್ಟ. ತುದಿ ಸುರುಳಿ ಸುತ್ತಿ ನನ್ನ ಕಾಲ ಬಳಿ ಬಂದು ಬಿತ್ತು. ಒಂದು ಕಲ್ಲು ಹೇರಿ ಅಳತೆ ಮುಗಿಸಿದೆ.

ಆಮೇಲೆ ಒಳಗೆ ಹೋಗಿ ಮಾತಾಡಿದೆ. ತಮ್ಮ ಸಾವ್ಕಾರ್ರು ಅಣ್ಣನಿಗಿಂತ ತೆಳ್ಳಗೆ, ಮಾತು ಇನ್ನೂ ಗಟ್ಟಿ. "ಕೂಡ್ರಿ" ಎಂದು ಚಹಾ ತರಿಸಿದರು, ಅದರಲ್ಲಿ ಕೊರತೆ ಮಾಡಲಿಲ್ಲ.

"ಅಲ್ರಿ, ನಿಮ್ಮ ಇಳಿಜಾರು ನನ್ನ ಬಾಗ್ಲ ಮುಂದಿಂದ ಹೋದ್ರೆ ನನ್ನ ಮೆಟ್ಲು ಎಲ್ಲಿ ಹೋಗ್ತಾವೆ?"

"ಒಳಗೆ ಸರಿಸಿ ಕಟ್ಟಿಕೊಡುತ್ತೇವೆ. ಜಗಲಿ ಸ್ವಲ್ಪ ಕಡಿಮೆಯಾಗುತ್ತದೆ. ನಿಮ್ಮ ಗಿರಾಕಿಗಳಿಗೂ ಅನುಕೂಲ. ವಯಸ್ಸಾದವರು, ಮಗು ಎತ್ತಿಕೊಂಡವರು..."

"ನನ್ನ ಗಿರಾಕಿ ಮಾತು ಬ್ಯಾಡ. ಯಾರ ಸಲುವಾಗಿ ಅಂತ ನಂಗೂ ಗೊತ್ತೈತೆ. ಅವ್ನು ಬಂದು ಕೇಳ್ಲಿ."

"ಅವರಿಗೆ ಬರಲಿಕ್ಕೆ ಆಗುವುದಿಲ್ಲ. ನಿಮ್ಮದಕ್ಕೂ ಇವೇ ಮೆಟ್ಟಿಲು."

ಅವರು ಚಹಾದ ಲೋಟ ಕೆಳಗಿಟ್ಟರು. ಹೇಳಬಾರದ್ದು ಹೇಳಿದೆನೋ ಏನೋ, ಅವರು ಲೆಕ್ಕದ ಪುಸ್ತಕ ಎಳೆದುಕೊಂಡು ಅದಕ್ಕೆ ಬಗ್ಗಿದರು. ಚಹಾ ಕುಡಿದು ಎದ್ದುಬಂದೆ.

ಈ ಸುದ್ದಿ ಆಟೋದವರೆಗೆ ತಲುಪಿತು. ನಾನೇ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಪೇಟೆ ಹೇಳಿತ್ತು. ದೊಡ್ಡ ಸಾವ್ಕಾರ್ರು ಸಿಟ್ಟಾಗಲಿಲ್ಲ. ಮಾರನೇ ದಿನ ಹಾರೆ ಹಿಡಿದ ಇಬ್ಬರನ್ನು ಜೊತೆಗೆ ಕರೆದುಕೊಂಡೇ ಬಂದರು. "ಮೊದ್ಲು ನಂದು ಒಡೀರಿ. ನಾನು ಒಡೆಸಿದ್ರೆ ಸಾಲೆಲ್ಲ ಒಪ್ತೈತೆ, ಅವ್ನೂ ಒಪ್ತಾನೆ" ಎಂದರು.

ಎದುರು ಅಂಗಡಿಯ ಪಾತ್ರೆ ವ್ಯಾಪಾರಿ ಓಡಿ ಬಂದರು. "ಸಾವ್ಕಾರ್ರೆ, ನೀವೇ ಅವತ್ತು ಸಭೆದಾಗೆ ಹೇಳಿದ್ರಿ. ಮೆಟ್ಲು ಒಡೆಸಿದ್ರೆ ನಾಳೆ..."

"ನನ್ನ ವಿಮಾನ ಎಲ್ಲಿ ಇಳಿಸ್ತಾರೆ ಅಂತೇನು? ಇದ್ದಾಗ ಹತ್ತೋಕಾಗದ ಮೆಟ್ಲು, ಹೋದ ಮ್ಯಾಲೆ ಯಾಕ್ರಿ ನನಗೆ?"

ಇಳಿಜಾರು ಮಂಜೂರಾಗುವ ಮುಂಚೆ ಒಡೆಯುವುದು ಬೇಡ ಎಂದೆ. ಬಾಗಿಲ ಮುಂದೆ ಬರೀ ಗುಂಡಿ ಉಳಿಯುತ್ತದೆ ಎಂದೆ. "ಉಳೀಲಿ ಬಿಡ್ರಿ, ಗುಂಡಿ ನೋಡಿದ್ರೆ ನೀವೂ ಬೇಗ ಕಟ್ತೀರಿ" ಎಂದು ಎಡಗಡೆ ತುಟಿಯಲ್ಲಿ ನಕ್ಕರು. ಅದು ನನ್ನನ್ನು ಅವರು ಛೇಡಿಸಿದ ಒಂದೇ ಸಲ. ಹಾರೆಯ ಪೆಟ್ಟು ಬಿದ್ದಾಗ ಕೆಳಗಿನ ಕಲ್ಲಿನ ಮೇಲೆ ಆ ಬೆಳಗಿನ ಹೂವು ಇನ್ನೂ ಇತ್ತು. ಮಗ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಗಿರಾಕಿಗಳಿಗೆಂದು ಒಂದು ಮರದ ಏಣಿಮೆಟ್ಟಿಲು ತಂದಿಟ್ಟರು.

ಸಾಲು ಒಪ್ಪಿತು, ಅವರ ಲೆಕ್ಕ ಅಷ್ಟರ ಮಟ್ಟಿಗೆ ಸರಿಯಾಗಿತ್ತು. ಒಬ್ಬೊಬ್ಬರಾಗಿ ತಮ್ಮ ಮೆಟ್ಟಿಲು ಬಿಟ್ಟುಕೊಟ್ಟರು. ಹಳೇ ಡಾಂಬರು ಕೆರೆದು ತೆಗೆದೆವು, ಚರಂಡಿಗೆ ಮುಚ್ಚಳ ಬಂತು, ಕಾಲುದಾರಿಯಲ್ಲಿ ಕಣ್ಣು ಕಾಣದವರ ಕಾಲಿಗೆ ಸಿಗುವ ಉಬ್ಬುಕಲ್ಲುಗಳು ಬಂದವು. ಅಲ್ಲಲ್ಲಿ ನಾಲ್ಕಾರು ಅಂಗಡಿಗೆ ಸೇರಿ ಒಂದೊಂದು ಇಳಿಜಾರು ಏರಿತು. ತಮ್ಮ ಮಾತ್ರ ನ್ಯಾಯಾಲಯಕ್ಕೆ ಹೋಗಿ ತನ್ನ ಮೆಟ್ಟಿಲು ಮುಟ್ಟದಂತೆ ತಡೆಯಾಜ್ಞೆ ತಂದರು. ರಸ್ತೆಯೆಲ್ಲ ಹೊಸದಾಗುತ್ತಾ ಬಂದು ಆ ಮೂಲೆಯಲ್ಲಿ ನಿಂತುಬಿಟ್ಟಿತು. ತಮ್ಮನ ಮುಂದೆ ಹಳೇ ಮೆಟ್ಟಿಲು, ಅಣ್ಣನ ಮುಂದೆ ಮೆಟ್ಟಿಲೂ ಇಲ್ಲ, ಇಳಿಜಾರೂ ಇಲ್ಲ. ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಆಟೋ ದಿನಾ ಬಂದು ಎದುರಿಗೆ ನಿಲ್ಲುತ್ತಿತ್ತು.

ಮಗನ ಸಹನೆ ಮುಗಿಯಿತು. ನನ್ನ ಕಚೇರಿಗೆ ಬಂದ. "ಮೇಡಂ, ನಮ್ಮ ಹದಿನೈದು ಅಡಿಯಾಗೇ ಕಟ್ಟಿಕೊಡ್ರಿ. ಕಡಿದಾದ್ರೆ ಆಗ್ಲಿ, ಇಬ್ರು ತಳ್ತೀವಿ. ಅಪ್ಪ ಒಳಗೆ ಕೂತ್ಕೊಂಡ್ರೆ ಸಾಕು."

ಲೆಕ್ಕ ಹಾಕಿದೆ. ಮೇಲಿನ ಸಮತಟ್ಟು ಬಿಟ್ಟರೆ ಉಳಿಯುವುದು ಹತ್ತು ಅಡಿ. ಎರಡು ಅಡಿ ಏರಲು ಹತ್ತು ಅಡಿ, ಅಂದರೆ ಐದಕ್ಕೆ ಒಂದು.

ಹರಿಹರದಲ್ಲಿ ಒಬ್ಬಳು ಹೊಲಿಗೆಯ ಹುಡುಗಿ ಇದ್ದಾಳೆ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಬಂಡಿಯಲ್ಲಿ ಓಡಾಡುತ್ತಾಳೆ. ನಮ್ಮ ನಕ್ಷೆ ತೋರಿಸಿ ಅಭಿಪ್ರಾಯ ಕೇಳಲು ನಾನು ಅವಳ ಮನೆಗೆ ಹೋಗಿದ್ದೆ. ಹೊಳೆಯ ಕಡೆಯ ಒಂದು ಓಣಿಯಲ್ಲಿ ಮನೆ. ಅವಳು ನಕ್ಷೆ ನೋಡುವ ಮುಂಚೆ ತನ್ನ ಮಣಿಕಟ್ಟು ತೋರಿಸಿದಳು, ಸೊಟ್ಟಗೆ ಕೂಡಿಕೊಂಡ ಮೂಳೆ. ಯಾವುದೋ ಕಟ್ಟಡದ ಮುಂದೆ, ಇರಲಿ ಎಂದು ಯಾರೋ ಕಟ್ಟಿದ್ದ ಕಡಿದಾದ ಇಳಿಜಾರಿನಲ್ಲಿ ಅರ್ಧ ಏರಿದಾಗ ಬಂಡಿ ಹಿಂದಕ್ಕೆ ಜಾರಿ ಮಗುಚಿತ್ತು. "ಇಳಿಜಾರು ಇಲ್ಲ ಅಂದ್ರೆ ನಾವು ಹೋಗಲ್ಲ ಅಕ್ಕ, ಹೊರಗೇ ನಿಂತು ಕೂಗ್ತೀವಿ. ಐತೆ ಅಂತ ಕಂಡ್ರೆ ನಂಬಿ ಹತ್ತಿಬಿಡ್ತೀವಿ" ಎಂದಿದ್ದಳು. ಆ ಕೈಯಿಂದ ಹೊಲಿಗೆಯಂತ್ರದ ಗಾಲಿ ತಿರುಗಿಸುವುದು ಈಗ ಅವಳಿಗೆ ಕಷ್ಟ.

ಮಗನಿಗೆ ಇದನ್ನೆಲ್ಲ ಹೇಳಿದೆ. ನಿಮ್ಮಪ್ಪನನ್ನು ಇಬ್ಬರು ತಳ್ಳುತ್ತೀರಿ, ಆದರೆ ಅದು ರಸ್ತೆಯ ಮೇಲಿನ ಇಳಿಜಾರು, ಒಬ್ಬಳೇ ಬರುವವಳೂ ನಂಬಿ ಹತ್ತುತ್ತಾಳೆ, ನಾನು ರುಜು ಹಾಕಲಾರೆ ಎಂದೆ. ಹಲಗೆ ಹಾಸಿ ದಿನಾ ತೆಗೆದಿಡುವ ಯೋಚನೆಯನ್ನೂ ಮಾಡಿದೆವು. ಅಷ್ಟು ಕಡಿದಾದ ಹಲಗೆಯ ಮೇಲೆ ತಂದೆಯ ಗಾಲಿಕುರ್ಚಿಯನ್ನು ಖಾಲಿಯಾಗಿ ತಳ್ಳಿ ನೋಡಿದಾಗಲೇ ಅದು ಒಮ್ಮೆ ಪಕ್ಕಕ್ಕೆ ವಾಲಿತು. ಮಗನೇ ಬೇಡ ಎಂದ. ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.

ಆಟೋದ ಬಳಿ ನಾನೇ ಹೋಗಿ ಹೇಳಿದೆ. ದೊಡ್ಡ ಸಾವ್ಕಾರ್ರು ಹರಿಹರದ ಹುಡುಗಿಯ ಕಥೆಯನ್ನು ಪೂರ್ತಿ ಕೇಳಿದರು. ಎಡಗೈ ಎತ್ತಿ ತಮ್ಮ ಬಲಗೈಯ ಮೇಲೆ ಇಟ್ಟುಕೊಂಡರು.

"ಹಂಗಾದ್ರೆ ಬ್ಯಾಡ ಬಿಡ್ರಿ. ನನ್ನ ಸಲುವಾಗಿ ಇನ್ನೊಬ್ರ ಕೈ ಮುರೀಬಾರ್ದು. ಅವ್ನು ಒಪ್ತಾನೆ. ಅವ್ನು ಸಣ್ಣಾವಿದ್ದಾಗಿಂದ್ಲೂ ಹಂಗೇ, ಮೊದ್ಲು ಇಲ್ಲ ಅಂತಾನೆ, ಆಮೇಲೆ ಬರ್ತಾನೆ. ನನ್ನ ತಮ್ಮನ್ನ ನಾನು ಕಾಣೆನೇನು?"

ಅಷ್ಟು ವರ್ಷ ಮಾತಿಲ್ಲದ ತಮ್ಮನ ಬಗ್ಗೆ ಅಷ್ಟು ನೆಚ್ಚಿಗೆ ಎಲ್ಲಿಂದ ಬಂತೋ. ಪಕ್ಕದ ಅಂಗಡಿಯ ಜಗಲಿಯಲ್ಲಿ ತಮ್ಮ ನಿಂತಿದ್ದರು, ನಮ್ಮನ್ನು ನೋಡುತ್ತಿದ್ದರು, ನಾನು ತಿರುಗಿದಾಗ ಒಳಗೆ ಹೋದರು. ಮಾತು ಅವರಿಗೆ ಕೇಳಿಸುವಷ್ಟು ಹತ್ತಿರ ಇರಲಿಲ್ಲ. ಕೇಳಿಸಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮಳೆಗಾಲ ಮುಗಿದು, ದೀಪಾವಳಿಯ ಮಾಲು ಬರುವ ಹೊತ್ತಿಗೆ ಒಂದು ವಾರ ಆಟೋ ಬರಲಿಲ್ಲ. ಜ್ವರ ಎಂದರು. ನಾನು ಕಂಬಗಳ ಬೀಗ ಸರಿಯಾಗಿವೆಯೇ ಎಂದು ನೋಡುತ್ತಾ ರಸ್ತೆಯಲ್ಲಿದ್ದಾಗ ದೊಡ್ಡ ಸಾವ್ಕಾರ್ರ ಅಂಗಡಿಯ ಶಟರು ಅರ್ಧಕ್ಕೆ ಇಳಿಯಿತು. ಎದುರಿನದು ಇಳಿಯಿತು. ಒಂದಾದ ಮೇಲೊಂದು ಸಾಲೆಲ್ಲ ಅರ್ಧಕ್ಕೆ ಇಳಿಯಿತು. ಯಾರೂ ನನಗೆ ಹೇಳಬೇಕಾಗಲಿಲ್ಲ. ಅಲ್ಲೇ ಕಾಲುದಾರಿಯ ಅಂಚಿಗೆ ಕೂತುಬಿಟ್ಟೆ.

ಮರುದಿನ ಮೆರವಣಿಗೆ. ಟ್ರ್ಯಾಕ್ಟರಿನಲ್ಲಿ ಒಯ್ಯುವುದೆಂದು ಮೊದಲು ಮಾತಾಗಿತ್ತಂತೆ. ಈಗ ಹಾಗೇ ಮಾಡುತ್ತಾರೆ. ಬೆಳಿಗ್ಗೆ ತಮ್ಮ ಸಾವ್ಕಾರ್ರು ಅಣ್ಣನ ಮನೆಯ ಬಾಗಿಲಿಗೆ ಬಂದು, "ಟ್ರ್ಯಾಕ್ಟರ್ ಬ್ಯಾಡ, ಹೆಗಲ ಮ್ಯಾಲೆ" ಎಂದಷ್ಟೇ ಹೇಳಿ ಹೊರಗೆ ನಿಂತರಂತೆ. ಯಾರೂ ಎದುರು ಮಾತಾಡಲಿಲ್ಲ ಎಂದು ಮಗ ಆಮೇಲೆ ನನಗೆ ಹೇಳಿದ.

ನಾನು ನಮ್ಮ ಕೆಲಸಗಾರರನ್ನು ಕರೆದುಕೊಂಡು ಹೋಗಿ ರಸ್ತೆಯ ನಡುವಿನ ಕಂಬಗಳನ್ನು ಎತ್ತಿಸಿದೆ. ಬೀಗಗಳು ಸಲೀಸಾಗಿ ತೆರೆದುಕೊಂಡವು, ಕಂಬಗಳು ಸಲೀಸಾಗಿ ಮೇಲೆ ಬಂದವು. ಅವರು ಸಭೆಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆಗೆ ನಾನು ಮಾಡಿದ್ದ ಉತ್ತರ ಅದು. ಅದು ಮೊದಲು ಅವರಿಗೇ ಬಳಕೆಗೆ ಬಂತು. ಕೆಲಸ ಸರಿಯಾಗಿ ಆಗಿದೆ ಎಂದು ಇಷ್ಟು ದುಃಖಪಟ್ಟದ್ದು ನನಗೆ ನೆನಪಿಲ್ಲ.

ಭಜನೆಯವರು ಮುಂದೆ ಬಂದರು. ಮಂಡಕ್ಕಿ ತೂರುತ್ತಾ ಬಂದರು, ಹೊಸ ಡಾಂಬರಿನ ಮೇಲೆ ಬೆಳ್ಳಗೆ ಬಿತ್ತು. ಬಾಳೆಕಂದು, ಚೆಂಡುಹೂವು ಕಟ್ಟಿದ ವಿಮಾನದಲ್ಲಿ ದೊಡ್ಡ ಸಾವ್ಕಾರ್ರು ನೆಟ್ಟಗೆ ಕೂತಿದ್ದರು. ಬಿಳಿ ಅಂಗಿ, ಹಣೆತುಂಬ ವಿಭೂತಿ. ಎತ್ತೋದು ಬ್ಯಾಡ ಎಂದವರನ್ನು ನಾಲ್ಕು ಜನ ಹೆಗಲ ಮೇಲೆ ಎತ್ತಿಕೊಂಡು ಬರುತ್ತಿದ್ದರು, ಗಿರಾಕಿಗಳೆಲ್ಲ ಎದುರಿಗೇ ನಿಂತಿದ್ದರು. ಮುಂದಿನ ಬಲಗಡೆಯ ಹೆಗಲು ತಮ್ಮನದು. ವಯಸ್ಸಿಗೆ ಮೀರಿದ ಭಾರ, ಕಾಲು ತೊಡರುತ್ತಿತ್ತು, ಬದಲಾಯಿಸುತ್ತೇವೆ ಎಂದವರಿಗೆ ತಲೆ ಅಲ್ಲಾಡಿಸುತ್ತಿದ್ದರು.

ಅಂಗಡಿಯ ಮುಂದೆ ಮೆರವಣಿಗೆ ನಿಂತಿತು. ಆ ಸಾಲಿನ ಪದ್ಧತಿ. ಮಗ ಶಟರು ಅರ್ಧಕ್ಕೆತ್ತಿ ಒಳಗೆ ದೀಪ ಹಚ್ಚಿಟ್ಟಿದ್ದ. ಭಜನೆ ನಿಂತಿತು. ಇಳಿಸಲು ಎಲ್ಲರೂ ಮೆಟ್ಟಿಲು ನೋಡಿದರು. ಮೆಟ್ಟಿಲಿರಲಿಲ್ಲ. ನನ್ನ ಇಳಿಜಾರು ಬರಬೇಕಿದ್ದ ಜಾಗದಲ್ಲಿ ಮಣ್ಣು, ಮೇಲೆ ಆ ಮರದ ಏಣಿ. ಹೆಗಲು ಕೊಟ್ಟವರು ಏನು ಮಾಡುವುದೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನೆಲಕ್ಕಿಡುವುದೇ, ಹಾಗೇ ಮುಂದೆ ಹೋಗುವುದೇ. ವಿಮಾನ ಸ್ವಲ್ಪ ವಾಲಿತು. ಪಾತ್ರೆ ವ್ಯಾಪಾರಿ ಬಾಯಿಗೆ ಟವೆಲ್ ಒತ್ತಿಕೊಂಡು ಆಚೆ ತಿರುಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಈ ಕಡೆ ಬರ್ರಿ" ಎಂದರು ತಮ್ಮ.

ಹೆಗಲನ್ನು ಇನ್ನೊಬ್ಬರಿಗೆ ಕೊಟ್ಟು ಮುಂದೆ ಹೋದರು. ತಮ್ಮ ಅಂಗಡಿಯ ಬಾಗಿಲಲ್ಲಿದ್ದ ಕೊಡದಿಂದ ನೀರು ತಂದು ಮೆಟ್ಟಿಲು ತೊಳೆದರು, ನಾಲ್ಕೂ ಕಲ್ಲನ್ನು, ಬೆಳಿಗ್ಗೆ ತೊಳೆಯುವ ಹಾಗೆಯೇ. ತಡೆಯಾಜ್ಞೆ ತಂದು ಉಳಿಸಿಕೊಂಡಿದ್ದ ಮೆಟ್ಟಿಲುಗಳು. ಹಣೆಯ ವಿಭೂತಿಯನ್ನೇ ಬೆರಳಿಂದ ತೆಗೆದು ಕೆಳಗಿನ ಕಲ್ಲಿಗೆ ಹಚ್ಚಿದರು.

"ಇಲ್ಲಿ ಇಳಿಸ್ರಿ. ಅಪ್ಪನ್ನೂ ಇಲ್ಲೇ ಇಳಿಸಿದ್ದು."

ಇಳಿಸಿದರು. ಅಣ್ಣ, ತಮ್ಮನ ಮೆಟ್ಟಿಲ ಮೇಲೆ ಕೂತರು, ಮುಖ ರಸ್ತೆಯ ಕಡೆಗೆ. ತಮ್ಮ ಅವರ ಕಾಲ ಬಳಿ ಕೂತು, ಆ ಬಲಗಾಲನ್ನು, ಪಾರ್ಶ್ವವಾಯು ಬಡಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಹಳ ಹೊತ್ತಾಯಿತು. ಭಜನೆಯ ಹಿರಿಯರು ಮೆಲ್ಲಗೆ ಭುಜ ಮುಟ್ಟಿದ ಮೇಲೆ ಎದ್ದು ಮತ್ತೆ ಹೆಗಲು ಕೊಟ್ಟರು. ಮೆರವಣಿಗೆ ಹೋದ ಮೇಲೆ ನಾನು ಕಂಬಗಳನ್ನು ಮತ್ತೆ ಇಳಿಸಿ ಬೀಗ ಹಾಕಿಸಿದೆ, ಬಸ್ಸು ಕಾಯುತ್ತಿತ್ತು. ಆಮೇಲೆ ಸ್ಕೂಟರಿನ ಬಳಿ ನಿಂತು ಅತ್ತೆ.

ಐದಕ್ಕೆ ಒಂದನ್ನು ಒಪ್ಪಿದ್ದರೆ ಅವರು ಒಮ್ಮೆಯಾದರೂ ಒಳಗೆ ಕೂರುತ್ತಿದ್ದರು ಎಂದು ಕೆಲವರು ನನಗೆ ಹೇಳಿದರು, ನೇರವಾಗಿಯೇ. ನಾನೂ ನನಗೆ ಹೇಳಿಕೊಂಡಿದ್ದೇನೆ. ಮತ್ತೆ ಕೇಳಿದರೂ ರುಜು ಹಾಕುವುದಿಲ್ಲ. ಹಾಕುವುದಿಲ್ಲ ಎನ್ನುವುದರಿಂದ ನೋವೇನೂ ಕಡಿಮೆಯಾಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ವಕೀಲರು ಫೋನು ಮಾಡಿ, ಆ ಮೊಕದ್ದಮೆ ವಾಪಸಾಗಿದೆ ಎಂದರು. ಅಳತೆ ಇನ್ನೊಮ್ಮೆ ನೋಡಬೇಕಿತ್ತು. ಪಟ್ಟಿ ತೆಗೆದುಕೊಂಡು ಒಬ್ಬಳೇ ಹೋದೆ. ತಮ್ಮ ಸಾವ್ಕಾರ್ರು ಜಗಲಿಯಿಂದ ಇಳಿದು ಬಂದರು, ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದುಕೊಂಡು. ಆ ಹೆಗಲು ಕೊಟ್ಟ ದಿನದಿಂದ ಮಂಡಿ ನೋವಂತೆ.

"ಈಗ ಕಟ್ಟಿದ್ರೆ ಯಾರಿಗ್ರಿ ಮೇಡಮ್ಮ?" ಎಂದರು.

ಸಿಟ್ಟಿನ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಕೇಳಿದ್ದು ನನ್ನನ್ನಲ್ಲ ಎಂದು ಗೊತ್ತಾಯಿತು. ಹರಿಹರದಲ್ಲಿ ಒಬ್ಬಳು ಹೊಲಿಗೆಯವಳು ಇದ್ದಾಳೆ, ಲೈನಿಂಗ್ ಬಟ್ಟೆಗೆ ಈ ರಸ್ತೆಗೇ ಬರುತ್ತಾಳೆ, ಅಂಗಡಿಯ ಹೊರಗೆ ನಿಂತು ಕೂಗುತ್ತಾಳೆ ಎಂದೆ. ಅವರು ಅಣ್ಣನ ಬಾಗಿಲ ಕಡೆ ನೋಡಿದರು. ಮಗ ಒಳಗೆ ಗಿರಾಕಿಗೆ ಬಟ್ಟೆ ಹರಡುತ್ತಿದ್ದ, ಅಪ್ಪ ಕೂರುತ್ತಿದ್ದ ಗಾದಿಯ ಪಕ್ಕದಲ್ಲಿ ನಿಂತುಕೊಂಡೇ.

"ಕೊಡ್ರಿ ಇಲ್ಲಿ" ಎಂದು ತಮ್ಮ ಕೈ ಚಾಚಿದರು.

ಪಟ್ಟಿಯ ತುದಿ ಕೊಟ್ಟೆ. ಅವರು ಬಗ್ಗಲಾಗದೆ ಬಗ್ಗಿ, ತಮ್ಮ ಅಂಗಡಿಯ ಕೊನೆಯ ಅಂಚಿಗೆ ಅದನ್ನು ಹೆಬ್ಬೆರಳಿಂದ ಒತ್ತಿ ಹಿಡಿದರು. ನಾನು ಪಟ್ಟಿ ಬಿಚ್ಚುತ್ತಾ ಹಿಂದಕ್ಕೆ ನಡೆದೆ, ಅವರ ಮೆಟ್ಟಿಲು ದಾಟಿ, ನಡುಗೋಡೆ ದಾಟಿ, ಮಣ್ಣಿನ ಗುಂಡಿ ದಾಟಿ, ಅಣ್ಣನ ಬಾಗಿಲವರೆಗೆ.

"ಸಾಲ್ತೈತೇನ್ರಿ?" ಎಂದು ಅಲ್ಲಿಂದಲೇ ಕೇಳಿದರು.

"ಸಾಲುತ್ತದೆ" ಎಂದೆ.

ಅವರು ತುದಿ ಬಿಡಲಿಲ್ಲ. ನಾನು ಬರೆದುಕೊಂಡು ಮುಗಿಸಿದ ಮೇಲೂ ಹಾಗೇ ಬಗ್ಗಿ ಹಿಡಿದುಕೊಂಡಿದ್ದರು.